ಬೀಗ ಹಾಕಿದ ಮನೆಯ ದೀಪ

ಚಳಿಗಾಲ ಒಂದು ಕಾಲು ಹೊರಗಿಟ್ಟು, ಇನ್ನೊಂದು ಕಾಲು ಎತ್ತಲೋ ಬೇಡವೋ ಎನ್ನುತ್ತಿದ್ದ ದಿನಗಳು. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಬೆಳಗಿನಿಂದ ಬೀಸುತ್ತಿದ್ದ ಗಾಳಿ ಆ ಹೊತ್ತಿಗೆ ಹುಚ್ಚೆದ್ದು, ಬೀದಿಯ ತಿರುವಿನಲ್ಲಿದ್ದ ದೊಡ್ಡ ಮರವನ್ನು ಬುಡಸಮೇತ ಕೆಡವಿತು. ಬೀಳುವ ಮರ ಸುಮ್ಮನೆ ಬೀಳಲಿಲ್ಲ, ಕರೆಂಟಿನ ತಂತಿಯನ್ನೂ ಎಳೆದುಕೊಂಡೇ ಬಿತ್ತು. ಮೊಟ್ಟೆಯಕ್ಕನ ಮನೆಯ ಉಗ್ರಾಣದಲ್ಲಿ ಗುಯ್ಯೆನ್ನುತ್ತಿದ್ದ ಫ್ಯಾನು ನಿಧಾನಕ್ಕೆ ಉಸಿರು ಬಿಟ್ಟು ನಿಂತಿತು.

ಆ ಫ್ಯಾನು ನಿಂತರೆ ಏನು ಮುಳುಗಿಹೋಗುತ್ತದೆ ಎಂದು ತಿಳಿಯಬೇಕಾದರೆ ಮೊಟ್ಟೆಯಕ್ಕನ ಕಸುಬು ತಿಳಿದಿರಬೇಕು. ಅವಳ ಗಂಡ ಬಡಗಿ. ತೀರಿಹೋಗುವ ಮುಂಚಿನ ವರ್ಷ ಉಗ್ರಾಣದ ಗೋಡೆಗೆ ಸೇರಿಸಿ ಆಳೆತ್ತರದ ಒಂದು ಕಾವು ಪೆಟ್ಟಿಗೆ ಮಾಡಿಕೊಟ್ಟಿದ್ದ. ಒಳಗೆ ಹಲಗೆಯ ತಟ್ಟೆಗಳು, ಕಾಯುವ ಸುರುಳಿ, ಗಾಳಿಯಾಡಿಸುವ ಫ್ಯಾನು, ಕೆಳಗೆ ನೀರಿನ ತಟ್ಟೆ, ಬಾಗಿಲಲ್ಲಿ ಅಂಗೈಯಗಲ ಗಾಜು. ಕೋಳಿ ಸಾಕಿದ ಮನೆಯವರೆಲ್ಲ ಮೊಟ್ಟೆ ತಂದು ಇವಳಿಗೆ ಒಪ್ಪಿಸುವರು. ಪ್ರತಿ ಮನೆಗೂ ಒಂದು ಗುರುತು. ಒಬ್ಬರದು ಪೆನ್ಸಿಲಿನ ಗೆರೆ, ಒಬ್ಬರದು ಸೊನ್ನೆ, ಒಬ್ಬರದು ಬಾಚಣಿಗೆ. ಇಪ್ಪತ್ತೊಂದನೆಯ ದಿನ ಅವರವರ ಮರಿ ಅವರವರಿಗೆ, ಹತ್ತಕ್ಕೊಂದು ಇವಳಿಗೆ. "ಕೋಳಿ ಕೂತರೂ ಎದ್ದು ಹೋಗಬಹುದು, ಮೊಟ್ಟೆಯಕ್ಕ ಕೂತರೆ ಏಳಲ್ಲ" ಎಂದು ಬೀದಿಯವರು ನಗೆಯಾಡುತ್ತಿದ್ದರು. ನಗೆಯೇನೋ ಹೌದು, ಆದರೆ ಎಂಟು ವರ್ಷದಲ್ಲಿ ಆ ಮಾತನ್ನು ಅವಳು ಸುಳ್ಳು ಮಾಡಿರಲಿಲ್ಲ.

ಆ ಮಂಗಳವಾರ ಪೆಟ್ಟಿಗೆಯಲ್ಲಿ ಮುನ್ನೂರ ಹನ್ನೆರಡು ಮೊಟ್ಟೆ. ಇಪ್ಪತ್ತನೆಯ ದಿನ.

ಇಪ್ಪತ್ತನೆಯ ದಿನ ಎಂದರೆ ಸಾಮಾನ್ಯ ದಿನವಲ್ಲ. ಅಲ್ಲಿಯವರೆಗೆ ಮೊಟ್ಟೆ ಮಾತಾಡುವುದಿಲ್ಲ. ಆ ದಿನ ಮರಿ ಒಳಗಿನ ಪೊರೆ ಹರಿದು, ಮೊಟ್ಟೆಯ ತುದಿಯಲ್ಲಿ ಇರುವ ಒಂದು ಚಿಟಿಕೆ ಗಾಳಿಯನ್ನು ಮೊದಲ ಸಲ ಎಳೆದುಕೊಂಡು ಕೂಗುತ್ತದೆ. ಹೊರಗೆ ಇನ್ನೂ ಒಂದು ಬಿರುಕೂ ಇರುವುದಿಲ್ಲ, ಒಳಗಿಂದ ಚಿಂವ್ ಅನ್ನುತ್ತದೆ. ಪಕ್ಕದ ಮೊಟ್ಟೆ ಅದಕ್ಕೆ ಉತ್ತರ ಕೊಡುತ್ತದೆ. ಮುನ್ನೂರು ಮೊಟ್ಟೆ ಹೀಗೆ ಗೋಡೆಯಾಚೆಯಿಂದ ಒಂದನ್ನೊಂದು ಕರೆಯುವುದನ್ನು ಮೊಟ್ಟೆಯಕ್ಕ ಎಷ್ಟು ಸಲ ಕೇಳಿದ್ದರೂ, ಪ್ರತಿ ಸಲವೂ ಕೈಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು.

ಈಗಲೂ ನಿಂತಳು. ಗಾಜಿನಾಚೆ ಕಾವು ಅಳೆಯುವ ಕಡ್ಡಿ ಮೂವತ್ತೇಳೂವರೆ ಡಿಗ್ರಿ ತೋರಿಸುತ್ತಿತ್ತು. ಬಾಗಿಲು ತೆಗೆಯದಿದ್ದರೆ ಒಂದು ಗಂಟೆ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ. ಹೊರಗೆ ಗಾಳಿ ಕೊರೆಯುತ್ತಿತ್ತು.

"ಯಾಕಕ್ಕ ಹೆದರ್ತೀಯ? ನಾನಿಲ್ವಾ?" ಅಂದ ತಮ್ಮ.

ಈ ತಮ್ಮ ಟೈರು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಬುದ್ಧಿ. ಬಿಚ್ಚಿದ್ದು ಹತ್ತಾದರೆ ಜೋಡಿಸಿದ್ದು ಆರು. ಮನೆಯಲ್ಲಿ ಅವನಿಗೆ 'ಜಾಣ' ಎಂದೇ ಹೆಸರು. ಹೊಗಳಿಕೆಯೋ ಹಂಗಿಸುವುದೋ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ಅರ್ಧ ಗಂಟೆಯಲ್ಲಿ ಅಂಗಡಿಯ ಜನರೇಟರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಅಡುಗೆಮನೆಯ ಹಿಂಬಾಗಿಲಿನ ಪಕ್ಕ ಇಳಿಸಿದ. ಹಾಲಿನ ಕ್ಯಾನಿನ ಗಾತ್ರದ ಯಂತ್ರ, ಮೈತುಂಬ ಎಣ್ಣೆಮಸಿ.

"ತಂದಿದೀಯಪ್ಪ, ಸರಿ. ಪೆಟ್ಟಿಗೆಗೆ ಹೇಗೆ ಕೊಡ್ತೀಯ? ಅದಕ್ಕೆ ಪ್ಲಗ್ಗೇ ಇಲ್ಲ, ವೈರು ಗೋಡೆ ಒಳಗಿಂದ ಬಂದಿದೆ."

"ಅದಕ್ಕೇ ನನ್ನ ಜಾಣ ಅನ್ನೋದು. ಗೋಡೆಯ ಸಾಕೆಟ್ಟಿಂದ ಕರೆಂಟು ಈಚೆ ಬರುತ್ತೆ ತಾನೇ? ನಾವು ಅದೇ ತೂತಲ್ಲಿ ಆಚೆಯಿಂದ ತುಂಬೋಣ. ಇಡೀ ಮನೆಗೆ ತಾನೇ ಹರಿಯುತ್ತೆ."

ಇಸ್ತ್ರಿ ಪೆಟ್ಟಿಗೆಯದೊಂದು ಪ್ಲಗ್ಗು, ಮಿಕ್ಸಿಯದೊಂದು ಪ್ಲಗ್ಗು ಕಿತ್ತು, ಒಂದು ವೈರಿನ ಎರಡೂ ತುದಿಗೆ ಕಟ್ಟಿದ. ಒಂದು ತುದಿ ಜನರೇಟರಿಗೆ, ಇನ್ನೊಂದು ಅಡುಗೆಮನೆಯ ಸಾಕೆಟ್ಟಿಗೆ. ಎರಡು ತಲೆಯ ಹಾವಿನ ಹಾಗೆ ಅದು ಹೊಸ್ತಿಲು ದಾಟಿ ಮಲಗಿತ್ತು. ಹಗ್ಗ ಎಳೆದ, ಯಂತ್ರ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹೊತ್ತಿತು. ಉಗ್ರಾಣದಲ್ಲಿ ಫ್ಯಾನು ಗುಯ್ಯೆಂದಿತು. ಮೊಟ್ಟೆಯಕ್ಕ ತಮ್ಮನ ತಲೆ ಸವರಿದಳು.

ಮನೆಯಲ್ಲಿ ಬಲ್ಲವರು ಇರಲಿಲ್ಲವೆಂದಲ್ಲ, ಇದ್ದರು. ಅವಳ ಚಿಕ್ಕಪ್ಪ ನಲವತ್ತು ವರ್ಷ ಮನೆಮನೆಗೆ ವೈರಿಂಗ್ ಮಾಡಿದವರು. ಈ ಪೆಟ್ಟಿಗೆಗೂ ತಂತಿ ಎಳೆದುಕೊಟ್ಟವರು ಅವರೇ. ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು, ಪಟ್ಟಿ ಬಿಚ್ಚುವ ತನಕ ಇಲ್ಲಿರುತ್ತೇನೆಂದು ಬಂದಿದ್ದರು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಕಣ್ಣಿಗೆ ಔಷಧಿಯ ಹನಿ ಬಿಟ್ಟುಕೊಂಡು ಮುಂದಿನ ಕೋಣೆಯಲ್ಲಿ ಮಲಗಿದ್ದವರನ್ನು ಯಾಕೆ ಎಬ್ಬಿಸುವುದು ಎಂದು ಇಬ್ಬರೂ ಸುಮ್ಮನಾಗಿದ್ದರು. ತಪ್ಪು ನಡೆದದ್ದು ಅಲ್ಲೇ. ಹಿರಿಯರ ನಿದ್ದೆ ಕೆಡಿಸಬಾರದೆಂಬ ಒಳ್ಳೆಯತನವೇ ಅಡ್ಡಬಂತು.

ನಾಲ್ಕೂವರೆಯ ಹೊತ್ತಿಗೆ ಮೊಟ್ಟೆಯಕ್ಕ ಬೀದಿ ನೋಡಲು ಗೇಟಿಗೆ ಬಂದಳು. ಮೋಡ ಕವಿದು ಸಂಜೆಯ ಹಾಗಾಗಿತ್ತು. ತಿರುವಿನಲ್ಲಿ ಜನ ಯಂತ್ರದ ಗರಗಸದಿಂದ ಮರ ಕೊಯ್ಯುತ್ತಿದ್ದರು, ಅದರ ಅರಚಾಟದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಅವಳ ಮನೆ ಬೀದಿಯ ತುದಿಯಿಂದ ಎರಡನೆಯದು. ಕೊನೆಯ ಮನೆ ಒಬ್ಬ ಮೇಷ್ಟರದು. ಮಗಳ ಬಾಣಂತನಕ್ಕೆಂದು ಗಂಡಹೆಂಡತಿ ಬೀಗ ಹಾಕಿಕೊಂಡು ಹೋಗಿ ಮೂರು ವಾರವಾಗಿತ್ತು.

ಆ ಬೀಗ ಹಾಕಿದ ಮನೆಯ ಜಗಲಿಯಲ್ಲಿ ದೀಪ ಉರಿಯುತ್ತಿತ್ತು.

ಮೊಟ್ಟೆಯಕ್ಕ ಕಣ್ಣುಜ್ಜಿ ನೋಡಿದಳು. ಎದುರು ಸಾಲಿನ ಮನೆಗಳೆಲ್ಲ ಕತ್ತಲು. ಎಡಕ್ಕೆ ಕತ್ತಲು. ಯಾರೂ ಇಲ್ಲದ, ಕಸ ಗುಡಿಸದ, ಬೀಗಕ್ಕೆ ಜೇಡ ಬಲೆ ಕಟ್ಟಿದ ಆ ಮನೆಯಲ್ಲಿ ಮಾತ್ರ ಒಂದು ಬಲ್ಬು, ಮಾಗಿದ ಹಣ್ಣಿನ ಹಾಗೆ ಹಳದಿಯಾಗಿ, ಗಾಳಿಗೆ ತೂಗುತ್ತ ಉರಿಯುತ್ತಿದೆ. ಅವಳ ಕೈ ತಾನಾಗಿ ಎದೆಗೆ ಹೋಯಿತು. ಯಾರು ಹಚ್ಚಿದರು ಇದನ್ನು?

"ಚಿಕ್ಕಪ್ಪ! ಸ್ವಲ್ಪ ಬನ್ನಿ ಇಲ್ಲಿ. ಮೇಷ್ಟರ ಮನೇಲಿ ದೀಪ ತಾನೇ ಹತ್ತಿಕೊಂಡಿದೆ."

ಚಿಕ್ಕಪ್ಪ ಗೋಡೆ ಹಿಡಿದು ಜಗಲಿಗೆ ಬಂದರು. ಒಂಟಿ ಕಣ್ಣು ಕಿರಿದು ಮಾಡಿ ನೋಡಿದರು.

"ಬೀಗ ಹಾಕಿರೋ ಮನೆ ತಾನೇ?"

"ಹೂಂ. ಹೋಗುವಾಗ ಸ್ವಿಚ್ಚು ಆರಿಸೋದು ಮರೆತಿದ್ರು ಅಂತ ಕಾಣುತ್ತೆ. ಆದ್ರೆ ಕರೆಂಟೇ ಇಲ್ವಲ್ಲ?"

"ನಮ್ಮನೇಲಿ ಏನದು ಸದ್ದು?"

"ಜಾಣ ಜನರೇಟರ್ ತಂದ. ಅಡುಗೆಮನೆ ಸಾಕೆಟ್ಟಿಗೆ ಕೊಟ್ಟಿದಾನೆ, ಪೆಟ್ಟಿಗೆ ಚೆನ್ನಾಗಿ..."

ಚಿಕ್ಕಪ್ಪನ ಮುಖ ಸುಣ್ಣವಾಯಿತು. ಅವರು ದೀಪ ನೋಡುವುದನ್ನು ಬಿಟ್ಟು ಕಂಬ ನೋಡಿದರು. ಎರಡು ಮನೆಯ ನಡುವಿನ ಕಂಬದ ಮೇಲೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಲೈನ್‌ಮ್ಯಾನ್ ಒಬ್ಬ ಹಿಂದಕ್ಕೆ ಒರಗಿ ನಿಂತಿದ್ದ. ಕಡಿದು ಜೋತಾಡುತ್ತಿದ್ದ ತಂತಿಯ ತುದಿಗೆ ಕೈ ಚಾಚುತ್ತಿದ್ದ.

"ಮುಟ್ಟಬೇಡ!" ಎಂದು ಚಿಕ್ಕಪ್ಪ ಕೂಗಿದರು. ಗರಗಸದ ಸದ್ದು ಆ ಕೂಗನ್ನು ನುಂಗಿತು. ಹೆಗಲ ಮೇಲಿನ ಟವೆಲು ತೆಗೆದು ಬೀಸಿದರು. ಮೇಲಿದ್ದವನ ಕಣ್ಣು ತಂತಿಯ ಮೇಲಿತ್ತು. "ಮಗಾ, ಯಂತ್ರ ನಿಲ್ಲಿಸು! ನಮ್ಮ ಕರೆಂಟು ಆ ತಂತೀಲಿ ಇದೆ. ಓಡು!"

ಅವಳು ಓಡಿದಳು. ಮಾತು ಕೇಳಿಸಿಕೊಂಡ ತಮ್ಮ ಅಡುಗೆಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಕೈ ಹಾಕಿದ್ದ. "ಅದನ್ನ ಕೀಳಬೇಡ್ವೋ!" ಎಂದು ಹಿಂದಿನಿಂದ ಚಿಕ್ಕಪ್ಪನ ದನಿ. "ಕಿತ್ತರೆ ಅದರ ಹಲ್ಲೆರಡೂ ಬೆಂಕಿ! ಯಂತ್ರ ಮೊದಲು, ಯಂತ್ರ!" ತಮ್ಮ ಕೈ ಸುಟ್ಟವನ ಹಾಗೆ ಹಿಂದೆ ಸರಿದ.

ಉಗ್ರಾಣದ ಬಾಗಿಲು ದಾಟುವಾಗ ಮೊಟ್ಟೆಯಕ್ಕನ ಹೆಜ್ಜೆ ಒಂದು ಕ್ಷಣ ತಡೆಯಿತು. ಸುಳ್ಳು ಯಾಕೆ ಹೇಳಬೇಕು, ತಡೆಯಿತು. ಕಡ್ಡಿ ಮೂವತ್ತೇಳಕ್ಕೆ ಬಂದಿತ್ತು. ಗಾಜಿನಾಚೆಯಿಂದ ಮುನ್ನೂರು ಗಂಟಲು ಒಟ್ಟಿಗೆ ಕೂಗುತ್ತಿದ್ದವು. ಆರಿಸಿದರೆ ಇವು ಹೋದವು. ಆರಿಸದಿದ್ದರೆ ಯಾರದೋ ಮಗ ಹೋದ. ಅವಳು ಹಿಂಬಾಗಿಲು ದಾಟಿ ಕೆಂಪು ಗುಂಡಿ ಒತ್ತಿದಳು.

ಯಂತ್ರ ಸತ್ತಿತು. ಫ್ಯಾನು ಸತ್ತಿತು. ಮುಂದಿನಿಂದ ಚಿಕ್ಕಪ್ಪನ ದನಿ ಬಂತು: "ಆರಿತು ಮಗಾ. ಮೇಷ್ಟರ ದೀಪ ಆರಿತು."

ಅವಳು ಮುಂದಕ್ಕೆ ಬಂದಾಗ ಲೈನ್‌ಮ್ಯಾನ್ ಕಂಬದ ಮೇಲೇ ಇದ್ದ. ಒಂದು ಗೇಣು. ತಂತಿಗೂ ಅವನ ಬೆರಳಿಗೂ ನಡುವೆ ಒಂದು ಗೇಣು ಇತ್ತು ಎಂದು ಚಿಕ್ಕಪ್ಪ ಆಮೇಲೆ ಹೇಳಿದರು. ಅವನು ಜಗಲಿಯ ದೀಪ ಆರಿದ್ದನ್ನು ಓರೆಗಣ್ಣಲ್ಲಿ ಕಂಡು, ಅದು ಇಷ್ಟು ಹೊತ್ತು ಉರಿಯುತ್ತಿತ್ತಲ್ಲ ಎಂದು ಆಗ ಹೊಳೆದು, ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ನಿಧಾನಕ್ಕೆ ಇಳಿದು ಬಂದ. ಗೇಟಿನ ಮೆಟ್ಟಿಲ ಮೇಲೆ ಕೂತ. ಮೊಟ್ಟೆಯಕ್ಕ ತಂದುಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದ.

"ತಪ್ಪು ನಂದೂ ಇದೆ," ಅಂದ, ಯಾರೂ ಕೇಳದೆ. "ಟ್ರಾನ್ಸ್‌ಫಾರ್ಮರಲ್ಲಿ ಆಫ್ ಮಾಡಿ ಬಂದಿದ್ದೆ. ನಿಮ್ಮ ಎರಡು ಮನೆಯ ಈ ತುಂಡು ಬೇರೆಯಾಗಿ ಕಡಿದುಹೋಗಿದೆ, ಸತ್ತ ತಂತಿ ಅನ್ಕೊಂಡೆ. ಬೆಳಗಿಂದ ಹನ್ನೊಂದು ಕಂಬ ಹತ್ತಿದೀನಿ. ಹನ್ನೊಂದರಲ್ಲೂ ಮೊದಲು ಟೆಸ್ಟ್ ಮಾಡಿ, ಕರೆಂಟು ನೆಲಕ್ಕಿಳಿಸೋ ಸರಪಳಿ ತಂತಿಗೆ ಹಾಕಿ ಮುಟ್ಟಿದೆ. ಹನ್ನೆರಡನೇದಕ್ಕೆ ಸರಪಳಿ ಕೆಳಗೇ ಬಿಟ್ಟೆ."

"ದೇವರು ದೊಡ್ಡವನು," ಅಂದಳು ಮೊಟ್ಟೆಯಕ್ಕ.

"ಮೇಷ್ಟರ ಮರೆವು ದೊಡ್ಡದು," ಅಂದರು ಚಿಕ್ಕಪ್ಪ. "ಆ ಸ್ವಿಚ್ಚು ಆರಿಸಿ ಹೋಗಿದ್ರೆ ನಮಗೆ ಹೇಳೋರು ಯಾರು?"

ಜಾಣ ಕಂಬದ ಕಡೆ ನೋಡಲಾರದೆ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ನೋಡಿ ಲೈನ್‌ಮ್ಯಾನಿಗೆ ಬೈಯುವ ಮನಸ್ಸೂ ಬರಲಿಲ್ಲ. "ಅಲ್ಲ ಗುರುವೇ, ಅಂಥಾ ಅವಸರ ಏನಿತ್ತು? ಟೀವೀಲಿ ಮ್ಯಾಚ್ ಇತ್ತಾ?" ಎಂದಷ್ಟೇ ಕೇಳಿದ.

ಮೊಟ್ಟೆಯಕ್ಕ ಒಳಗೆ ಹೋದಳು. ಪೆಟ್ಟಿಗೆಯ ಬಾಗಿಲು ಬೆರಳಗಲ ತೆರೆದು, ಒಂದು ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿ ತಂದು ಲೈನ್‌ಮ್ಯಾನಿನ ಕಿವಿಗೆ ಹಿಡಿದಳು. ಅವನಿಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಅವನ ಕಣ್ಣು ನಿಂತಲ್ಲೇ ನಿಂತಿತು. ಗರಗಸದ ಸದ್ದಿನ ನಡುವೆಯೂ, ಕಿವಿಯ ಪಕ್ಕ, ಸುಣ್ಣದ ಗೋಡೆಯಾಚೆಯಿಂದ ಯಾರೋ ಕರೆದರು. ಒಂದು ಸಲ. ಮತ್ತೊಂದು ಸಲ.

"ಇದರೊಳಗೆ ಇದೆಯಾ?"

"ನಾಳೆ ಹುಟ್ಟುತ್ತೆ. ಇಂಥವು ಮುನ್ನೂರ ಹನ್ನೆರಡಿವೆ."

ಅವನು ಮೊಟ್ಟೆಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ. "ಅಕ್ಕಾ, ನಿಜ ಹೇಳ್ಬಿಡ್ತೀನಿ. ನಾನು ಈ ತಂತಿ ಕಟ್ಟಿದ್ರೂ ಪ್ರಯೋಜನ ಇಲ್ಲ. ಊರಾಚೆ ದೊಡ್ಡ ಲೈನೇ ಮಲಗಿದೆ. ಎರಡು ದಿನ ಕರೆಂಟು ಬರಲ್ಲ."

ಮೊಟ್ಟೆಯಕ್ಕ ಚಿಕ್ಕಪ್ಪನ ಮುಖ ನೋಡಿದಳು. ಚಿಕ್ಕಪ್ಪ ತಮ್ಮನ ಮುಖ ನೋಡಿದರು. "ಜಾಣಪ್ಪಾ, ನಿನ್ನ ಎರಡು ತಲೆ ವೈರು ತಗೊಂಡು ಬಾ. ಹಾಗೇ ಇಕ್ಕಳಾನೂ."

ತಂದ. ಅವನ ಕೈಯಿಂದಲೇ ಅದನ್ನು ನಡುವೆ ಕತ್ತರಿಸಿ ಹಾಕಿಸಿದರು. "ಈಗ ಕರೆಂಟ್ ಸಾಮಾನಿನ ಅಂಗಡಿಯೋನ ಮನೆ ಬಾಗಿಲು ತಟ್ಟು. ಎರಡೂ ತಂತಿ ಕಡಿಯೋ ಚೇಂಜ್‌ಓವರ್ ಸ್ವಿಚ್ಚು ಬೇಕು ಅನ್ನು. ಒಂದೇ ತಂತಿ ಕಡಿಯೋದು ಕೊಟ್ರೆ ಬೇಡ ಅನ್ನು. ದಪ್ಪ ವೈರು ಇಪ್ಪತ್ತು ಮೀಟರು. ಓಡು, ಮೊಟ್ಟೆ ಕಾಯಲ್ಲ."

ಅವನು ಓಡಿದ. ಇತ್ತ ಮೊಟ್ಟೆಯಕ್ಕ ಗ್ಯಾಸ್ ಒಲೆಯ ಎರಡೂ ಉರಿಯ ಮೇಲೆ ನೀರಿಟ್ಟಳು. ಕುದಿದ ನೀರನ್ನು ಚೊಂಬುಗಳಿಗೆ ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ ಸಾಲಾಗಿ ಕೂರಿಸಿದಳು. ಮೇಲೆ ಇದ್ದಬದ್ದ ಕಂಬಳಿ, ರಗ್ಗು, ಗಂಡನ ಹಳೇ ಕೋಟು ಹೊದಿಸಿದಳು. ಕಡ್ಡಿ ಮೂವತ್ತೈದು ಎಂದಿತು. ಚೊಂಬು ಬದಲಾಯಿಸಿದಳು. ಮೂವತ್ತನಾಲ್ಕು. ಮತ್ತೆ ಬದಲಾಯಿಸಿದಳು. ಮೂವತ್ತನಾಲ್ಕೇ. ಆಮೇಲೆ ಮೂವತ್ತಮೂರು. ಹಲಗೆಗೆ ಕಿವಿ ಇಟ್ಟಳು. ಕೂಗು ನಿಂತಿರಲಿಲ್ಲ, ಆದರೆ ನಿದ್ದೆ ಹತ್ತಿದ ಮಗುವಿನ ಮಾತಿನ ಹಾಗೆ ದೂರ ದೂರವಾಗುತ್ತಿತ್ತು. "ಇರ್ರೋ, ಇರ್ರೋ. ಬಂದೆ," ಎಂದು ಹಲಗೆಗೇ ಹೇಳಿದಳು.

ಲೈನ್‌ಮ್ಯಾನ್ ಈ ಸಲ ಸರಪಳಿ ಹೆಗಲಿಗೆ ಹಾಕಿಕೊಂಡೇ ಕಂಬ ಹತ್ತಿದ. ಮೊದಲು ಟೆಸ್ಟ್ ಮಾಡಿದ, ಸರಪಳಿ ಹಾಕಿದ, ಆಮೇಲೆ ಮೊಟ್ಟೆಯಕ್ಕನ ಮನೆಗೆ ಬರುವ ತಂತಿಯನ್ನೇ ಕಂಬದಲ್ಲಿ ಬಿಚ್ಚಿಬಿಟ್ಟ. ಇಳಿದು ಬಂದು ಮೀಟರಿನ ಪಕ್ಕದ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡ.

"ಅದ್ಯಾಕಪ್ಪ ಜೇಬಿಗೆ?" ಅಂದಳು ಮೊಟ್ಟೆಯಕ್ಕ.

"ನನ್ನ ಜೀವ ನನ್ನ ಜೇಬಲ್ಲೇ ಇರ್ಲಿ ಅಕ್ಕಾ. ಬೇರೆಯವರ ಕೈಲಿ ಇಟ್ಟು ನೋಡಿದ್ದಾಯ್ತು."

ಐದೂವರೆಗೆ ತಮ್ಮ ಏದುಸಿರು ಬಿಡುತ್ತ ಬಂದ. ಕಬ್ಬಿಣದ ಡಬ್ಬಿ, ಪಕ್ಕದಲ್ಲಿ ಒಂದು ಹಿಡಿ. ಚಿಕ್ಕಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಟ್ಟಿಯಿಲ್ಲದ ಕಣ್ಣನ್ನೂ ಮುಚ್ಚಿ, ಬೆರಳಲ್ಲಿ ತಡವಿ ನೋಡಿದರು. ಹಿಡಿ ಮೇಲೆತ್ತಿದರು, ಟಕ್. ನಡುವೆ ತಂದರು. ಕೆಳಗಿಳಿಸಿದರು, ಟಕ್.

"ನೋಡು ಮಗಾ, ಇದರಲ್ಲಿ ಇರೋ ಬುದ್ಧಿ ಇಷ್ಟೇ. ಮೇಲೆ ಹಾಕಿದ್ರೆ ಬೀದಿ ಕರೆಂಟು. ಕೆಳಗೆ ಹಾಕಿದ್ರೆ ಜನರೇಟರು. ಒಂದನ್ನ ಪೂರ್ತಿ ಬಿಡದೆ ಇನ್ನೊಂದನ್ನ ಹಿಡಿಯೋಕೆ ಬರಲ್ಲ. ಮನುಷ್ಯ ಎರಡು ದೋಣಿ ಮೇಲೆ ಕಾಲಿಡ್ತಾನೆ. ಈ ಹಿಡಿ ಇಡಲ್ಲ."

"ಮೇನ್ ಸ್ವಿಚ್ ಆರಿಸಿ ಹಾಕಿದ್ರೂ ಸಾಕಿತ್ತಲ್ವಾ ಚಿಕ್ಕಪ್ಪ?" ತಮ್ಮ ಮೆಲ್ಲಗೆ ಕೇಳಿದ.

"ಆರಿಸಿದ್ಯಾ?"

"ಮರೆತೆ."

"ಹಾಂ. ನೀನು ಮರೀತೀಯ, ಮೇಷ್ಟರು ಮರೀತಾರೆ, ಈ ಲೈನ್‌ಮ್ಯಾನಪ್ಪಾನೂ ಸರಪಳಿ ಮರೆತ. ಮರೆಯದೇ ಇರೋದು ಕಬ್ಬಿಣ ಒಂದೇ. ಅದಕ್ಕೇ ಕಬ್ಬಿಣದ ಕೈಲಿ ಕೊಡೋದು."

ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ಹೇಳುತ್ತ ಹೋದರು, ತಮ್ಮನ ಕೈ ಮಾಡುತ್ತ ಹೋಯಿತು, ಲೈನ್‌ಮ್ಯಾನ್ ಟಾರ್ಚು ಹಿಡಿದು ಒಂದೊಂದು ಸ್ಕ್ರೂವನ್ನೂ ಎಳೆದು ಪರೀಕ್ಷಿಸಿದ. ಮೀಟರಿಂದ ಬಂದ ಎರಡು ತಂತಿ ಮೇಲಿನ ಬಾಯಿಗೆ. ಮನೆಗೆ ಹೋಗುವ ಎರಡು ತಂತಿ ನಡುವಿನ ಬಾಯಿಗೆ. ಜನರೇಟರಿನ ದಪ್ಪ ವೈರು ಕೆಳಗಿನ ಬಾಯಿಗೆ, ಪ್ಲಗ್ಗಿಲ್ಲದೆ, ಸ್ಕ್ರೂ ಬಿಗಿದು. "ಹಲ್ಲಿರೋ ತುದಿ ಯಾವತ್ತೂ ಕರೆಂಟು ತಗೊಳ್ಳೋ ಕಡೆ ಇರಬೇಕು, ಕೊಡೋ ಕಡೆ ಅಲ್ಲ. ಕೊಡೋ ಕಡೆಗೆ ತೂತು. ಗೊತ್ತಾಯ್ತಾ?" ಗೊತ್ತಾಯಿತು ಎಂದು ತಮ್ಮ ಎರಡು ಸಲ ತಲೆಯಾಡಿಸಿದ.

ಯಂತ್ರವನ್ನು ಹಿಂಬಾಗಿಲಿನಿಂದ ಎತ್ತಿಸಿ, ಹಿತ್ತಲ ಕೊನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ, ತಗಡಿನ ಮಾಡಿನ ಕೆಳಗೆ ಇಡಿಸಿದರು. ಮೊಟ್ಟೆಯಕ್ಕನಿಗೆ ಒಂದು ಗಂಟೆಯಿಂದ ತಲೆ ಭಾರವಿತ್ತು, ಗಾಬರಿಗೆ ಅಂದುಕೊಂಡಿದ್ದಳು. "ಗಾಬರಿಯೂ ಅಲ್ಲ, ಗೀಬರಿಯೂ ಅಲ್ಲ. ಅದರ ಹೊಗೆ. ಅದಕ್ಕೆ ಜಗಳ ಬರಲ್ಲ, ನಿದ್ದೆ ಬರಿಸಿ ಕರ್ಕೊಂಡು ಹೋಗುತ್ತೆ. ಕಿಟಕಿ ಎಲ್ಲ ತೆಗಿ ಸ್ವಲ್ಪ ಹೊತ್ತು," ಅಂದರು. ಉಗ್ರಾಣದ್ದೊಂದನ್ನು ಬಿಟ್ಟು ಎಲ್ಲ ಕಿಟಕಿ ತೆಗೆದಳು.

ಇನ್ನೇನು ಹಗ್ಗ ಎಳೆಯಬೇಕು, ಚಿಕ್ಕಪ್ಪ ಕೈಯೆತ್ತಿದರು. "ತಾಳು. ಸಾಕ್ಷಿ ಆಗಬೇಕು."

ಇದು ಅವರ ನಲವತ್ತು ವರ್ಷದ ಪದ್ಧತಿ. ಯಾವ ಮನೆಯಲ್ಲಿ ಈ ಹಿಡಿ ಕೂರಿಸಿದರೂ ಇದು ಆಗದೆ ಅವರು ಕೈ ತೊಳೆಯುತ್ತಿರಲಿಲ್ಲ. ಹೋಲ್ಡರಿಗೆ ಹಾಕಿದ ಒಂದು ಬಲ್ಬು, ಅದಕ್ಕೆ ಎರಡು ವೈರು. ಜನರೇಟರ್ ಹೊತ್ತಿಸಿ ಮೊದಲು ಬಲ್ಬನ್ನು ಅದರ ಸಾಕೆಟ್ಟಿಗೇ ಕೊಡಿಸಿದರು. ಝಗ್ಗೆಂದು ಉರಿಯಿತು. "ಸರಿ. ಬಲ್ಬು ಬದುಕಿದೆ. ಕೆಟ್ಟ ಬಲ್ಬು ಸುಳ್ಳು ಸಾಕ್ಷಿ ಹೇಳುತ್ತೆ, ಅದಕ್ಕೆ ಮೊದಲು ಕೇಳಬೇಕು." ಯಂತ್ರ ನಿಲ್ಲಿಸಿ, ಆ ಬಲ್ಬಿನ ಎರಡು ವೈರನ್ನು ಸ್ವಿಚ್ಚಿನ ಮೇಲಿನ ಬಾಯಿಗೆ, ಬೀದಿಯ ತಂತಿ ಬಂದು ಸೇರುವಲ್ಲಿಗೆ, ಬಿಗಿಸಿದರು. "ನಮ್ಮ ಕರೆಂಟು ಬೀದಿಗೆ ನುಸುಳಿದ್ರೆ ಇದು ಹತ್ತಿಕೊಳ್ಳುತ್ತೆ." ಮತ್ತೆ ಯಂತ್ರ ಹೊತ್ತಿತು.

"ಹಿಡಿ ಯಾರು ಹಾಕೋದು?" ತಮ್ಮ ಕೇಳಿದ.

"ಕಾವು ಯಾರದೋ ಅವರು."

ಮೊಟ್ಟೆಯಕ್ಕ ಸೆರಗಲ್ಲಿ ಕೈ ಒರೆಸಿಕೊಂಡಳು. ಹಿಡಿ ತಣ್ಣಗಿತ್ತು. ಕೆಳಕ್ಕೆ ಎಳೆದಳು. ಟಕ್. ಉಗ್ರಾಣದಲ್ಲಿ ಫ್ಯಾನು ಗುಯ್ಯೆಂದಿತು.

ಯಾರೂ ಉಗ್ರಾಣದ ಕಡೆ ಓಡಲಿಲ್ಲ. ನಾಲ್ಕೂ ಜನ ಬಲ್ಬು ನೋಡುತ್ತ ನಿಂತರು. ಹಿತ್ತಲಲ್ಲಿ ಯಂತ್ರ ಭರ್ರೋ ಎನ್ನುತ್ತಿದೆ, ಮನೆಯೊಳಗೆ ಕರೆಂಟು ಹರಿಯುತ್ತಿದೆ, ಒಂದು ಬೆರಳಿನ ಅಂತರದಲ್ಲಿ ಈ ಬಲ್ಬು ಕಪ್ಪಗೆ, ತಣ್ಣಗೆ, ಏನೂ ಗೊತ್ತಿಲ್ಲದ ಮಗುವಿನ ಹಾಗೆ ತೂಗುತ್ತಿದೆ. ಅದರೊಳಗಿನ ಕೂದಲೆಳೆ ಕೆಂಪಗೂ ಆಗಲಿಲ್ಲ. ಮೊಟ್ಟೆಯಕ್ಕನಿಗೆ ಮೈ ಜುಮ್ಮೆಂದಿತು. ಬೀಗ ಹಾಕಿದ ಮನೆಯ ದೀಪ ಕಂಡಾಗ ಆಗಿದ್ದಕ್ಕಿಂತ ಇದು ಹೆಚ್ಚು. ಇಷ್ಟು ವರ್ಷ ಕರೆಂಟು ಎಂದರೆ ನೆಂಟರ ಹಾಗೆ ಬರುವಂಥದ್ದು ಎಂದಷ್ಟೇ ತಿಳಿದಿದ್ದಳು. ಬಂದ ಬಾಗಿಲಿನಿಂದಲೇ ಹೊರಟು, ಬೀದಿ ದಾಟಿ, ಕಂಬ ಹತ್ತಿ, ಮುಖ ಕಾಣದ ಒಬ್ಬನ ಬೆರಳು ಹುಡುಕಿಕೊಂಡು ಹೋಗಬಲ್ಲದು ಎಂದು ಗೊತ್ತಿರಲಿಲ್ಲ. ಈಗ ಅದು ಹೊಸ್ತಿಲಲ್ಲಿ ನಿಂತಿದೆ. ದಾಟುತ್ತಿಲ್ಲ.

ಲೈನ್‌ಮ್ಯಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನು ನೂರೆಣಿಸುವ ತನಕ ಕಾದ.

"ಉರಿಯದ ದೀಪ ನೋಡಿ ಸಂತೋಷ ಪಡೋ ಕಸುಬು ನಮ್ಮದೊಂದೇ ಕಣಪ್ಪ," ಅಂದರು ಚಿಕ್ಕಪ್ಪ.

ಆಮೇಲೆ ಮನೆಯ ದೀಪಗಳನ್ನೆಲ್ಲ ಆರಿಸಲು ಹೇಳಿದರು; ಪೆಟ್ಟಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಈ ಯಂತ್ರ ತಲೆ ಕೊಡಬಾರದು. ಪೆಟ್ರೋಲು ಮುಗಿದರೆ ಯಂತ್ರ ನಿಲ್ಲಿಸಿ, ಆರಿದ ಮೇಲೆ ಮಾತ್ರ ಹೊಯ್ಯಬೇಕು. ಆ ಕೆಲಸ ಜಾಣನಿಗೆ ಬಿತ್ತು. ಕಡ್ಡಿ ಏಳಕ್ಕೆ ಮೂವತ್ತೈದು, ಎಂಟಕ್ಕೆ ಮೂವತ್ತೇಳೂವರೆ ಮುಟ್ಟಿತು.

ಬುಧವಾರ ಬೆಳಕು ಹರಿಯುವಾಗ ಗಾಜಿನಾಚೆ ಮೊದಲ ಮೊಟ್ಟೆಯ ಮುಚ್ಚಳ ಎದ್ದಿತು. ಒಳಗಿದ್ದದ್ದು ತನ್ನ ಮನೆಯನ್ನು ಸುತ್ತಲೂ ಕೊರೆದುಕೊಂಡು, ಬೆನ್ನಿಂದ ದಬ್ಬಿ, ಒದ್ದೆಯಾಗಿ, ಹೊರಗೆ ಮಗುಚಿಕೊಂಡಿತು. ಬಾಚಣಿಗೆ ಗುರುತಿನದು. ಆಮೇಲೆ ಸೊನ್ನೆಯದೊಂದು. ಆಮೇಲೆ ಎಣಿಸಲು ಆಗಲಿಲ್ಲ, ಜೋಳ ಸಿಡಿದ ಹಾಗೆ ಒಡೆದವು. ತಮ್ಮ ಗಾಜಿಗೆ ಮೂಗು ಒತ್ತಿ ನಿಂತವನು ಅಂಗಡಿಗೆ ಹೋಗುವುದನ್ನೇ ಮರೆತ. ಚಿಕ್ಕಪ್ಪ ಒಂಟಿ ಕಣ್ಣಲ್ಲಿ ನೋಡಿದರು. "ನಾನೇ ಎಳೆದ ತಂತಿ. ಅದರ ಇನ್ನೊಂದು ತುದೀಲಿ ಇದು ನಡೀತಿತ್ತು ಅಂತ ಇವತ್ತೇ ನೋಡಿದ್ದು," ಅಂದರು.

ಗುರುವಾರ ಬೆಳಗಿನ ಹೊತ್ತಿಗೆ ಇನ್ನೂರ ಎಪ್ಪತ್ತೊಂದು ಮರಿ ಒಣಗಿ ತೊನೆಯುತ್ತಿದ್ದವು. ನಲವತ್ತೊಂದು ಮೊಟ್ಟೆ ಒಡೆಯಲಿಲ್ಲ. ಅವು ಆ ಎರಡು ಗಂಟೆಯ ಚಳಿಯ ಪಾಲು. ಕೆಲವುಗಳಲ್ಲಿ ಸಣ್ಣ ತೂತಾಗಿತ್ತು, ಅಷ್ಟೇ. ಮೊಟ್ಟೆಯಕ್ಕ ಅವನ್ನು ಬುಟ್ಟಿಗೆ ಹಾಕಿಕೊಂಡು ಗುರುತು ನೋಡಿ ಮನೆಮನೆಗೆ ಹೋದಳು. ಕಂಬದ ಮೇಲಿದ್ದವನ ಜೀವಕ್ಕಾಗಿ ಕಾವು ನಾನೇ ಆರಿಸಿದ್ದು ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು.

ಹೆಚ್ಚಿನವರು ಹೋಗಲಿ ಬಿಡಿ ಎಂದರು. ಸೊನ್ನೆ ಗುರುತಿನ ಮನೆಯ ಅಜ್ಜಿಯದು ಮಾತ್ರ ಒಂಬತ್ತು ಹೋಗಿದ್ದವು. ಅವಳು ಬುಟ್ಟಿಯೊಳಗೆ ಬಗ್ಗಿ ನೋಡಿ, "ಅಲ್ಲ ಕಣೇ, ಗುರುತಿಲ್ಲದ ಲೈನ್‌ಮ್ಯಾನಿಗೋಸ್ಕರ ನನ್ನ ಒಂಬತ್ತು ಮರಿ ಕಳೆದ್ಯಾ?" ಎಂದು ಸೊಂಟಕ್ಕೆ ಕೈಯಿಟ್ಟಳು.

"ಹೌದಜ್ಜಿ."

ಅಜ್ಜಿ ಇನ್ನೇನೋ ಹೇಳಲು ಬಾಯಿ ತೆರೆದಳು. ಬೀದಿಯಲ್ಲಿ ಸರಪಳಿ ಝಣ್ಣೆಂದಿತು; ತಂತಿ ಜೋಡಿಸಲು ಬಂದ ಅದೇ ಲೈನ್‌ಮ್ಯಾನ್ ಕಂಬದ ಬುಡದಲ್ಲಿ ಸೊಂಟದ ಪಟ್ಟಿ ಬಿಗಿಯುತ್ತಿದ್ದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವನೇನಾ? ಕಡ್ಡಿ ಹಾಗಿದಾನೆ. ಒಂಬತ್ತು ಕೋಳಿ ತೂಕಾನೂ ಇಲ್ವಲ್ಲೇ," ಅಂದಳು. ಒಳಗೆ ಹೋಗಿ, ಹೊಸದಾಗಿ ಹನ್ನೆರಡು ಮೊಟ್ಟೆ ತಂದು ಮೊಟ್ಟೆಯಕ್ಕನ ಬುಟ್ಟಿಗೆ ಒಂದೊಂದಾಗಿ ಇಟ್ಟಳು.

ಗುರುವಾರ ಸಂಜೆ ಕರೆಂಟು ಬಂತು. ಮೊಟ್ಟೆಯಕ್ಕ ಯಂತ್ರ ನಿಲ್ಲಿಸಿ ಹಿಡಿಯನ್ನು ಮೇಲೆತ್ತಿದಳು. ಲೈನ್‌ಮ್ಯಾನ್ ಜೇಬಿನ ಫ್ಯೂಸು ವಾಪಸು ಹಾಕಿ, ಒಂದು ಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ನೋಡಿ, ಕೆಳಗಿಟ್ಟು, ಕತ್ತಲಾಗುವ ಮುಂಚೆ ಹೊರಟ. ಮರಿಗಳು ಶುಕ್ರವಾರ, ಶನಿವಾರ ಎರಡು ದಿನ ಬುಟ್ಟಿ ಬುಟ್ಟಿಯಾಗಿ ಹೋದವು. ಶನಿವಾರವೇ ಚಿಕ್ಕಪ್ಪನ ಕಣ್ಣಿನ ಪಟ್ಟಿಯನ್ನೂ ಬಿಚ್ಚಿದರು. ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಚಿಕ್ಕಪ್ಪ ಹೊರಟರು. ಬಸ್ ನಿಲ್ದಾಣದ ತನಕ ಜಾಣ ಚೀಲ ಹೊತ್ತುಕೊಂಡು ಹೋದ.